ಮೋಟಾರ್ ಹಾಕುವ ಕೈಗೆ ಮೀಟರ್ ಓದಲು ಕಲಿಸಿ

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟ್‌ಗೆ ಹೋಗಿ, ಸಂಪ್‌ನಿಂದ ಟ್ಯಾಂಕ್‌ಗೆ ನೀರು ಏರಿಸುವ ಮೋಟಾರ್ ಯಾರು ಹಾಕುತ್ತಾರೆ ಎಂದು ಕೇಳಿ. ಎಷ್ಟೋ ಕಡೆ ಉತ್ತರ, 'ಸೆಕ್ಯುರಿಟಿಯವರು'. ಜನರೇಟರ್? 'ಅವರೇ'. ಬೇಸ್‌ಮೆಂಟ್ ಲೈಟು? 'ಅದು ಯಾವಾಗ್ಲೂ ಉರೀತಾನೇ ಇರುತ್ತೆ'. ಬಿಲ್ ಜಾಸ್ತಿ ಬಂತು ಅಂದಕೂಡಲೇ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಸೋಲಾರ್ ಹಾಕಿಸೋಣ, ಹೊಸ ಪಂಪ್ ತರೋಣ ಎಂಬ ಮಾತು ಶುರುವಾಗುತ್ತದೆ. ಸ್ವಿಚ್ ಒತ್ತುವವರಿಗೆ ನಾವೇನಾದರೂ ಹೇಳಿಕೊಟ್ಟಿದ್ದೇವಾ ಎಂದು ಕೇಳುವವರು ಕಡಿಮೆ.

ಹೇಳಿಕೊಡುವುದು ಕಷ್ಟದ ಕೆಲಸವಲ್ಲ. ಆದರೆ ಕ್ಲಬ್‌ಹೌಸ್‌ನಲ್ಲಿ ಕೂರಿಸಿ ಒಂದು ದಿನ ಸ್ಲೈಡ್ ತೋರಿಸಿದರೆ ಆಗುವಂಥದ್ದೂ ಅಲ್ಲ. ಪಾಠ ಕರೆಂಟಿನ ಮುಖ್ಯ ಸ್ವಿಚ್‌ಗಳಿರುವ ಪ್ಯಾನಲ್ ರೂಮಿನಲ್ಲಿ, ಪಂಪ್ ಪಕ್ಕದಲ್ಲಿ ನಡೆಯಬೇಕು. ಒಂದು ಸಲಕ್ಕೆ ಒಂದು ಗಂಟೆ ಸಾಕು. ಸಿಬ್ಬಂದಿಯಲ್ಲಿ ಒಡಿಶಾ, ಅಸ್ಸಾಂ ಕಡೆಯವರಿದ್ದರೆ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿ. ಇಲ್ಲದಿದ್ದರೆ ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಅಷ್ಟೆ.

ಯಾರು ಏನು ಮುಟ್ಟಬಹುದು?

ಇದು ಮೊದಲು ತೀರ್ಮಾನವಾಗಲಿ. ವೈರಿಂಗ್, ಪ್ಯಾನಲ್ ಕೆಲಸವನ್ನು ಪರ್ಮಿಟ್ ಇರುವವರೇ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ ಮಾಡಬೇಕು ಎನ್ನುತ್ತದೆ ನಿಯಮ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸಕ್ಕೆ ವಿನಾಯಿತಿ ಇದೆ. ಹಾಗಾಗಿ ಮೂರು ಪಟ್ಟಿ ಮಾಡಿ: ಸೆಕ್ಯುರಿಟಿ ಮಾಡಬಹುದಾದದ್ದು, ನಮ್ಮ ಎಲೆಕ್ಟ್ರಿಷಿಯನ್ ಮಾಡಬಹುದಾದದ್ದು, ಹೊರಗಿನವರನ್ನು ಕರೆಸಲೇಬೇಕಾದದ್ದು. ಟ್ರಾನ್ಸ್‌ಫಾರ್ಮರ್ ಯಾರ್ಡ್ ಮೂರನೆಯದರಲ್ಲಿ ಬರುತ್ತದೆ. ಬೇಲಿಯ ಒಳಗೆ ಚೆಂಡು ಬಿದ್ದರೂ ಗೇಟ್ ತೆಗೆಯಬಾರದು. ಪಟ್ಟಿಯನ್ನು ಪ್ಯಾನಲ್ ರೂಮಿನ ಬಾಗಿಲಿಗೇ ಅಂಟಿಸಿ.

ಮೊದಲ ತರಗತಿ: ಕರೆಂಟ್ ಬರುವ ದಾರಿ

ಟ್ರಾನ್ಸ್‌ಫಾರ್ಮರ್‌ನಿಂದ ಮುಖ್ಯ ಪ್ಯಾನಲ್, ಅಲ್ಲಿಂದ ಚೇಂಜ್‌ಓವರ್ (ಬೆಸ್ಕಾಂ ಕರೆಂಟ್‌ನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್), ಮೀಟರ್ ಬೋರ್ಡ್, ಕೊನೆಗೆ ಲಿಫ್ಟ್, ಪಂಪ್, ಲೈಟುಗಳ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್). ಈ ದಾರಿಯಲ್ಲಿ ಎಲ್ಲರನ್ನೂ ನಡೆಸಿಕೊಂಡು ಹೋಗಿ. ಬೇಲಿಯ ಹೊರಗಿನಿಂದಲೇ ಟ್ರಾನ್ಸ್‌ಫಾರ್ಮರ್‌ನ ಬ್ರೀದರ್ (ಒಳಹೋಗುವ ಗಾಳಿಯ ತೇವ ಹೀರುವ ಡಬ್ಬಿ) ತೋರಿಸಿ. ನೀಲಿ ಬಣ್ಣದ ಸಿಲಿಕಾ ಜೆಲ್ ಇರುವ ಕಡೆ ಹರಳು ಗುಲಾಬಿಗೆ ತಿರುಗಿದ್ದರೆ ಅದು ತೇವ ಕುಡಿದು ತುಂಬಿದೆ ಎಂದರ್ಥ. ಇದನ್ನು ಗುರುತಿಸಿ ಫೋನ್ ಮಾಡಲು ಓದು ಬೇಕಿಲ್ಲ, ಕಣ್ಣಿದ್ದರೆ ಸಾಕು.

ಪ್ಯಾನಲ್ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಮುಂಬಾಗಿಲಿನ ಡಿಜಿಟಲ್ ಮೀಟರ್‌ನಲ್ಲಿ ಮೂರು ಫೇಸ್‌ಗಳ (ಕರೆಂಟ್ ತರುವ ಮೂರು ವೈರ್‌ಗಳ) ಆಂಪ್ ಒಂದೊಂದಾಗಿ ಬರುತ್ತದೆ. ಆರ್ ಫೇಸ್ 90, ವೈ ಫೇಸ್ 85, ಬಿ ಫೇಸ್ 30 ಎಂದು ತೋರಿಸಿದರೆ ಮೊದಲೆರಡರ ಮೇಲೆ ಹೊರೆ, ಮೂರನೆಯದು ಆರಾಮಾಗಿದೆ. ಲೋಡ್ ಸರಿಯಾಗಿ ಹಂಚಿಲ್ಲ. ಈ ವ್ಯತ್ಯಾಸದಿಂದಾಗಿ ನ್ಯೂಟ್ರಲ್ ವೈರ್‌ನಲ್ಲಿ, ಅಂದರೆ ಕರೆಂಟ್ ಹಿಂತಿರುಗುವ ವೈರ್‌ನಲ್ಲಿ, ಜಾಸ್ತಿ ಕರೆಂಟ್ ಓಡುತ್ತದೆ, ವೈರ್ ಬಿಸಿಯಾಗುತ್ತದೆ. ನ್ಯೂಟ್ರಲ್ ಜಾಯಿಂಟ್ ಸಡಿಲವಾಗಿ ಕಡಿದುಹೋದರಂತೂ ಕೆಲವು ಮನೆಗಳಿಗೆ 230 ವೋಲ್ಟ್ ಬದಲು 400ರ ಹತ್ತಿರ ಹೋಗಬಹುದು. 'ನಮ್ಮ ಬ್ಲಾಕ್‌ನಲ್ಲಿ ನಾಲ್ಕು ಟಿವಿ ಒಟ್ಟಿಗೆ ಸುಟ್ಟವು' ಎಂಬ ಕಥೆಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಸುಟ್ಟ ವಾಸನೆ, ಬಣ್ಣ ಕಪ್ಪಾದ ಲಗ್ (ವೈರ್ ತುದಿಯ ಲೋಹದ ಕೊಂಡಿ), ಮನೆ ಲೈಟುಗಳು ಒಮ್ಮೆ ಮಂಕಾಗಿ ಒಮ್ಮೆ ಜೋರಾಗಿ ಉರಿಯುವುದು, ಇವನ್ನು ಕಂಡ ತಕ್ಷಣ ತಿಳಿಸಬೇಕು. ಬಾಗಿಲು ತೆರೆದು ಕ್ಲಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಹಿಡಿಯುವುದು ಎಲೆಕ್ಟ್ರಿಷಿಯನ್ ಕೆಲಸ. ಉಳಿದವರು ದೂರ ನಿಂತು ನೋಡಲಿ.

ಈ ತರಗತಿಯ ಹೋಮ್‌ವರ್ಕ್ ಹೀಗಿರಲಿ: ಪ್ರತಿ ಎಂಸಿಬಿ ಯಾವುದರದ್ದು ಎಂದು ಹುಡುಕಿ ಲೇಬಲ್ ಅಂಟಿಸುವುದು. ಅವರೇ ಅಂಟಿಸಿದ ಲೇಬಲ್ ಅವರಿಗೆ ಮರೆಯುವುದಿಲ್ಲ.

ಎರಡನೆಯದು: ಜೀವದ ಪಾಠ

ಎಂಸಿಬಿ ವೈರ್ ಸುಡದಂತೆ ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. 30 ಮಿಲಿಆಂಪ್‌ನಷ್ಟು ಕರೆಂಟ್ ಸೋರಿದರೆ ಟ್ರಿಪ್ ಆಗುವಂಥದ್ದು ಇರಬೇಕು. ಅದರ ಮೇಲೆ 'ಟಿ' ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿಸಿ ನೋಡಿ. ಟ್ರಿಪ್ ಆಗದಿದ್ದರೆ ಬದಲಿಸಿ. ಪದೇ ಪದೇ ಟ್ರಿಪ್ ಆಗುತ್ತೆ ಎಂದು ಅದನ್ನು ಬೈಪಾಸ್ ಮಾಡುವವರಿದ್ದಾರೆ. ಹಾಗೆ ಮಾಡಿದವರನ್ನು ಕೆಲಸದಿಂದ ತೆಗೆದರೂ ತಪ್ಪಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ರಿಪೇರಿಗೆ ಮೊದಲು ಮೇನ್ ಆಫ್ ಮಾಡಿ, ಬೀಗ ಹಾಕಿ, 'ಕೆಲಸ ನಡೆಯುತ್ತಿದೆ' ಬೋರ್ಡ್ ತೂಗುಹಾಕಬೇಕು. ಬೀಗದ ಕೈ ಕೆಲಸ ಮಾಡುವವರ ಜೇಬಲ್ಲೇ ಇರಲಿ. ಆಮೇಲೆ ಟೆಸ್ಟರ್ ಇಟ್ಟು ನೋಡಬೇಕು. ಆ ಟೆಸ್ಟರ್ ಸರಿಯಿದೆಯಾ ಎಂದು ಕರೆಂಟ್ ಇರುವ ಕಡೆ ಮೊದಲೇ ಪರೀಕ್ಷಿಸಿರಬೇಕು. ಜನರೇಟರ್ ಇರುವ ಕಟ್ಟಡದಲ್ಲಿ ಇನ್ನೊಂದು ಗಂಡಾಂತರ: ಬೆಸ್ಕಾಂ ಕರೆಂಟ್ ಹೋಗಿದೆ ಎಂದು ಕೈ ಹಾಕಿದ ಹೊತ್ತಿಗೆ ಜನರೇಟರ್ ತಾನಾಗಿಯೇ ಶುರುವಾಗಬಹುದು. ಅದನ್ನೂ ಆಟೋ ಮೋಡ್‌ನಿಂದ ತೆಗೆದು ಬೀಗ ಹಾಕಿಸಿ.

ಶಾಕ್ ಹೊಡೆದವರನ್ನು ಬರಿಗೈಯಲ್ಲಿ ಎಳೆಯಬಾರದು. ಮೊದಲು ಮೇನ್ ಆಫ್. ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಬೇಕು. ಆದರೆ ಇದು ಮನೆ ಕರೆಂಟ್‌ಗೆ ಮಾತ್ರ, ಯಾರ್ಡಿನ ಎಚ್‌ಟಿ (ಹೈ ಟೆನ್ಷನ್) ಲೈನಿಗೆ ಕೋಲೂ ನಂಬಿಕೆಗೆ ಅರ್ಹವಲ್ಲ. 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಇದನ್ನು ಬೊಂಬೆಯ ಮೇಲೆ ಎಲ್ಲರಿಂದಲೂ ಮಾಡಿಸಿ, ಸುಮ್ನೆ ವಿಡಿಯೊ ತೋರಿಸಬೇಡಿ. ಶಾಕ್ ಹೊಡೆದಾಗ ಏನು ಮಾಡಬೇಕೆಂಬ ಚಾರ್ಟ್ ಸ್ಥಳೀಯ ಭಾಷೆಯಲ್ಲೂ ಇರಬೇಕೆಂಬ ನಿಯಮವಿದೆ. ನಿಮ್ಮ ಪ್ಯಾನಲ್ ರೂಮಿನಲ್ಲಿ ಕನ್ನಡದ್ದು ಇದೆಯಾ, ನೋಡಿ. ಪ್ಯಾನಲ್‌ಗೆ ಬೆಂಕಿ ಬಿದ್ದರೆ ನೀರು ಎರಚಬಾರದು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತಿರಬೇಕು.

ಮೂರನೆಯದು: ಯುನಿಟ್ ಎಲ್ಲಿ ಹೋಗುತ್ತಿದೆ?

1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ 1 ಯುನಿಟ್. ಇಷ್ಟು ತಿಳಿದರೆ ಉಳಿದದ್ದೆಲ್ಲ ಗುಣಾಕಾರ. ಬೇಸ್‌ಮೆಂಟ್‌ನ ಹಳೆಯ 36 ವ್ಯಾಟ್ ಟ್ಯೂಬ್ ಲೈಟ್ ಚೋಕ್ ಸೇರಿ ಹತ್ತಿರ ಹತ್ತಿರ 50 ವ್ಯಾಟ್ ಎಳೆಯುತ್ತದೆ. 20 ವ್ಯಾಟ್‌ನ ಎಲ್‌ಇಡಿ ಹಾಕಿದರೆ ಒಂದಕ್ಕೆ 30 ವ್ಯಾಟ್ ಉಳಿತಾಯ. ಹಗಲು ರಾತ್ರಿ ಉರಿಯುವ 40 ಲೈಟುಗಳಿದ್ದರೆ ದಿನಕ್ಕೆ 28.8 ಯುನಿಟ್. ಈ ಲೆಕ್ಕವನ್ನು ನೀವು ಹೇಳಬೇಡಿ, ಅವರ ಕೈಯಿಂದಲೇ ಮೊಬೈಲ್‌ನಲ್ಲಿ ಮಾಡಿಸಿ.

ಇನ್ನು ಪಂಪ್. 10 ಸಾವಿರ ಲೀಟರ್ ನೀರನ್ನು 40 ಮೀಟರ್ ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಪ್ರಕಾರ ಸುಮಾರು 1.1 ಯುನಿಟ್ ಸಾಕು. ಪಂಪ್, ಮೋಟಾರ್, ಪೈಪ್‌ಗಳಲ್ಲಿ ನಷ್ಟವಾಗುವುದರಿಂದ ನಿಜದಲ್ಲಿ ಎರಡು, ಎರಡೂವರೆ ಯುನಿಟ್ ಆದರೆ ಒಪ್ಪಬಹುದು. ನಾಲ್ಕು ದಾಟಿದರೆ ಏನೋ ಕೆಟ್ಟಿದೆ. ಇಂಪೆಲ್ಲರ್ (ಪಂಪ್ ಒಳಗೆ ನೀರು ತಳ್ಳುವ ಚಕ್ರ) ಸವೆದಿರಬಹುದು, ಫುಟ್‌ವಾಲ್ವ್ (ಸಂಪ್‌ನೊಳಗಿನ ಪೈಪ್ ತುದಿಯ ವಾಲ್ವ್) ಸೋರುತ್ತಿರಬಹುದು, ವಾಲ್ವ್ ಅರ್ಧ ಮುಚ್ಚಿರಬಹುದು. ಟ್ಯಾಂಕ್‌ಗೆ ಏರಿದ ನೀರು, ಮೀಟರ್‌ನಲ್ಲಿ ತಿರುಗಿದ ಯುನಿಟ್ ಎರಡನ್ನೂ ಬರೆದಿಟ್ಟರೆ ಇದು ಯಾರಿಗಾದರೂ ಕಾಣುತ್ತದೆ. ಇಲ್ಲೇ ವಿಎಫ್‌ಡಿ, ಅಂದರೆ ಮೋಟಾರ್‌ನ ವೇಗ ಬದಲಿಸುವ ಸಾಧನದ ಬಗ್ಗೆ ಒಂದು ಮಾತು: 'ವಿಎಫ್‌ಡಿ ಹಾಕಿಸಿ, ವೇಗ 20 ಪರ್ಸೆಂಟ್ ಇಳಿಸಿದರೆ ಕರೆಂಟ್ ಅರ್ಧ ಆಗುತ್ತೆ' ಎಂದು ಮಾರಾಟಗಾರರು ಹೇಳುತ್ತಾರೆ. ಎಸಿ ಬ್ಲೋವರ್‌ಗೆ ಅದು ಹೆಚ್ಚುಕಡಿಮೆ ಸರಿ. ನೇರವಾಗಿ ಮೇಲಿನ ಟ್ಯಾಂಕ್‌ಗೆ ನೀರು ಎತ್ತುವ ಪಂಪ್‌ಗೆ ಆ ಲೆಕ್ಕ ಹೊಂದುವುದಿಲ್ಲ, ವೇಗ ತೀರಾ ಇಳಿಸಿದರೆ ನೀರು ಮೇಲಕ್ಕೇ ಹೋಗದು. ಮನೆಗಳಿಗೆ ಒತ್ತಡದಲ್ಲಿ ನೀರು ಕೊಡುವ ವ್ಯವಸ್ಥೆಯಲ್ಲಿ ಬಳಕೆ ಏರಿಳಿಯುವುದರಿಂದ ಅದು ಉಪಯೋಗಕ್ಕೆ ಬರುತ್ತದೆ.

ಜನರೇಟರ್‌ದು ಚಿಕ್ಕ ಪಾಠ. ಸರಿಯಾದ ಲೋಡ್ ಇದ್ದರೆ ಲೀಟರ್ ಡೀಸೆಲ್‌ಗೆ ಸುಮಾರು ಮೂರು, ಮೂರೂವರೆ ಯುನಿಟ್ ಬರುತ್ತದೆ. ಲೋಡ್ ತೀರಾ ಕಡಿಮೆಯಿದ್ದರೆ ಲೆಕ್ಕ ಕೆಡುತ್ತದೆ, ಎಂಜಿನ್‌ಗೂ ಒಳ್ಳೆಯದಲ್ಲ. ಹಾಕಿದ ಡೀಸೆಲ್, ಓಡಿದ ಗಂಟೆ, ಬಂದ ಯುನಿಟ್ ಮೂರನ್ನೂ ಬರೆಯಲಿ. ಡೀಸೆಲ್ ಕದಿಯುವುದಿದ್ದರೂ ಇದರಲ್ಲೇ ಸಿಗುತ್ತದೆ, ಅಲ್ವಾ?

ನಾಲ್ಕನೆಯದು: ರಾತ್ರಿಯ ರೀಡಿಂಗ್

ನನಗೆ ಎಲ್ಲಕ್ಕಿಂತ ಇಷ್ಟವಾದ ಅಭ್ಯಾಸ ಇದು. ರಾತ್ರಿ ಪಾಳಿಯವರು 12 ಗಂಟೆಗೆ ಮತ್ತು ಬೆಳಗಿನ ಜಾವ 4ಕ್ಕೆ ಕಾಮನ್ ಮೀಟರ್ ಓದಿ ಬರೆಯಬೇಕು. ಸಿಟಿ (ದೊಡ್ಡ ಕರೆಂಟನ್ನು ಅಳೆಯಲು ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ ಮೀಟರ್ ಆದರೆ ಬಿಲ್‌ನಲ್ಲಿರುವ ಮೀಟರ್ ಸ್ಥಿರಾಂಕದಿಂದ ಗುಣಿಸಬೇಕಾಗಬಹುದು, ಒಮ್ಮೆ ಕೇಳಿ ತಿಳಿದುಕೊಳ್ಳಿ. ಎಲ್ಲರೂ ಮಲಗಿರುವ ಆ ನಾಲ್ಕು ಗಂಟೆಯಲ್ಲಿ 60 ಯುನಿಟ್ ಹೋಗಿದ್ದರೆ, ಗಂಟೆಗೆ 15 ಯುನಿಟ್, ಅಂದರೆ 15 ಕಿಲೋವ್ಯಾಟ್ ಲೋಡ್ ಓಡುತ್ತಲೇ ಇದೆ ಎಂದಾಯಿತು. ಏನದು? ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಬ್ಲೋವರ್ ಇರಬಹುದು, ಅದು ಬೇಕು. ಬೇಸ್‌ಮೆಂಟ್ ಲೈಟು ಇರಬಹುದು, ಅರ್ಧ ಆರಿಸಬಹುದು. ಯಾವುದೋ ಫ್ಲ್ಯಾಟ್‌ನ ಫ್ಲಶ್ ಸೋರಿ, ಒತ್ತಡದ ಪಂಪ್ ಹತ್ತು ನಿಮಿಷಕ್ಕೊಮ್ಮೆ ಆನ್ ಆಗುತ್ತಿರಬಹುದು. ಅದನ್ನು ಹಿಡಿಯುವುದು ರಾತ್ರಿ ಎಚ್ಚರವಿರುವ ಮನುಷ್ಯನಿಗೆ ಮಾತ್ರ ಸಾಧ್ಯ.

ಬಿಲ್ ಬಂದ ದಿನ ಅದರ ಜೆರಾಕ್ಸ್ ಅವರ ಕೈಗೂ ಕೊಡಿ. ಒಪ್ಪಿಕೊಂಡ ಲೋಡ್, ಆ ತಿಂಗಳ ಗರಿಷ್ಠ ಬೇಡಿಕೆ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಲೋಡ್), ಪವರ್ ಫ್ಯಾಕ್ಟರ್ (ಎಳೆದ ಕರೆಂಟ್ ಎಷ್ಟರಮಟ್ಟಿಗೆ ಕೆಲಸಕ್ಕೆ ಬಂತು ಎಂಬ ಅಳತೆ) ಇವು ಮೂರನ್ನು ಗುರುತು ಹಾಕಿ ತೋರಿಸಿ. ಗರಿಷ್ಠ ಬೇಡಿಕೆ ಮಿತಿ ದಾಟುತ್ತಿದ್ದರೆ ಎಲ್ಲ ಪಂಪ್‌ಗಳನ್ನೂ ಬೆಳಿಗ್ಗೆ 7ಕ್ಕೆ ಒಟ್ಟಿಗೆ ಹಾಕಬಾರದು. ಪವರ್ ಫ್ಯಾಕ್ಟರ್ ಇದ್ದಕ್ಕಿದ್ದಂತೆ ಕುಸಿದಿದ್ದರೆ ಅದನ್ನು ಸರಿಯಾಗಿಡುವ ಕೆಪಾಸಿಟರ್ ಹೋಗಿದೆಯೇನೋ, ಎಲೆಕ್ಟ್ರಿಷಿಯನ್ ನೋಡಲಿ. ಕೆಪಾಸಿಟರ್ ಆಫ್ ಮಾಡಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಡಿಸ್ಚಾರ್ಜ್ ಮಾಡದೆ ಮುಟ್ಟುವಂತಿಲ್ಲ.

ಕೊನೆಯದಾಗಿ ಕರಾರಿನ ಮಾತು. ಇಷ್ಟೆಲ್ಲ ಕಲಿತವರು ಏಜೆನ್ಸಿ ಬದಲಾದ ದಿನ ಹೊರಟುಹೋಗುತ್ತಾರೆ. ರೀಡಿಂಗ್ ಪುಸ್ತಕ ಏಜೆನ್ಸಿಯದ್ದಲ್ಲ, ಕಟ್ಟಡದ್ದು ಎಂದು ಕರಾರಿನಲ್ಲಿ ಬರೆಸಿ. ಹಳಬರು ಹೊಸಬರ ಜೊತೆ ಒಂದು ವಾರ ಇರಬೇಕು, ಆ ವಾರದ ಸಂಬಳ ಅಸೋಸಿಯೇಷನ್ ಕೊಡಬೇಕು ಎಂಬುದನ್ನೂ ಸೇರಿಸಿ. ಬಿಲ್‌ನಲ್ಲಿ ಉಳಿದ ಹಣದಲ್ಲಿ ಒಂದು ಪಾಲು ಅವರಿಗೂ ಹೋಗಲಿ. ರಾತ್ರಿ 4ಕ್ಕೆ ಎದ್ದು ಮೀಟರ್ ಓದಿದವರು ಅವರೇ ತಾನೆ.