‘ನೋ ಡಿಸ್ಕ್’: ಮುಚ್ಚಳ ಬಿಚ್ಚುವ ಮುನ್ನ

ಬಳ್ಳಾರಿಯಲ್ಲಿ ಬೆಳಿಗ್ಗೆ ಒರೆಸಿದ ಟಿ.ವಿ. ಮೇಜಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಅದಿರಿನ ಲಾರಿ ಓಡುವ ರಸ್ತೆಯ ಪಕ್ಕದ ಮನೆಯಾದರೆ ಸಂಜೆಯವರೆಗೂ ಕಾಯಬೇಕಿಲ್ಲ. ಅದೇ ಕೆಂಧೂಳು ಟ್ರೇ ಸಂದಿಯಿಂದ ಡಿವಿಡಿ ಪ್ಲೇಯರಿನೊಳಗೂ ಇಳಿಯುತ್ತದೆ. ಪರದೆಯ ಮೇಲೆ ‘ನೋ ಡಿಸ್ಕ್’ ಎಂದು ಬಂದ ಕೂಡಲೇ ಅದನ್ನು ಗುಜರಿಗೆ ಹಾಕುವ ಮೊದಲು ಅರ್ಧ ಗಂಟೆ ಕೊಡಿ.

ಮೊದಲು ತಪ್ಪು ಡಿಸ್ಕಿನದೋ ಪ್ಲೇಯರಿನದೋ ಗೊತ್ತು ಮಾಡಿಕೊಳ್ಳಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ, ಸ್ಟುಡಿಯೊದವರು ಬರೆದುಕೊಟ್ಟ ಮದುವೆಯ ಡಿವಿಡಿ, ಒಂದು ಹಾಡಿನ ಸಿ.ಡಿ., ಈ ಮೂರನ್ನೂ ಹಾಕಿ ನೋಡಿ. ಸಿನಿಮಾ ಓಡಿ ಮದುವೆಯದು ಓಡದಿದ್ದರೆ ಡಿಸ್ಕನ್ನೇ ಅನುಮಾನಿಸಬೇಕು: ಬರೆದ ಡಿಸ್ಕಿನಲ್ಲಿ ದೃಶ್ಯ ಉಳಿದಿರುವುದು ಒಂದು ಬಣ್ಣದ ಪದರದಲ್ಲಿ, ಬಿಸಿಲು ಸೆಕೆಗೆ ಅದು ಮಾಸುತ್ತದೆ. ನಮ್ಮ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಅಟ್ಟದ ಮೇಲಿಟ್ಟಿದ್ದರೆ ಹೇಳುವುದೇ ಬೇಡ. ಸಿ.ಡಿ. ಓಡಿ ಡಿವಿಡಿ ಯಾವುದೂ ಓಡದಿದ್ದರೆ ಕಥೆ ಬೇರೆ. ಸಿ.ಡಿ.ಗೆ 780 ನ್ಯಾನೊಮೀಟರಿನ ಲೇಸರ್, ಡಿವಿಡಿಗೆ 650ರದು. ಎರಡರಲ್ಲಿ ಒಂದು ಸೋತಿರಬಹುದು.

ಡಿಸ್ಕ್ ತೊಳೆಯುವುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಸೆರಗಿನ ತುದಿಯಿಂದಲೋ ಅಂಗಿಯ ಚುಂಗಿನಿಂದಲೋ ಒಣ ಡಿಸ್ಕನ್ನು ಗರಗರ ಸುತ್ತಿ ಒರೆಸುತ್ತಾರೆ. ಅದಿರಿನ ಕಣ ಡಿಸ್ಕಿನ ಪ್ಲಾಸ್ಟಿಕ್ಕಿಗಿಂತ ಬಹಳ ಗಟ್ಟಿ, ಉಜ್ಜಿದಷ್ಟೂ ಗೀರುತ್ತದೆ. ಮೊದಲು ನಲ್ಲಿಯ ತೆಳು ಧಾರೆಯಲ್ಲಿ ಧೂಳು ಹರಿದು ಹೋಗಲಿ. ಆಮೇಲೆ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದೃಶ್ಯವೆಲ್ಲ ಸುರುಳಿಯ ಗೆರೆಯಲ್ಲಿದೆ. ಅಡ್ಡ ಬಿದ್ದ ಗೀರನ್ನು ಪ್ಲೇಯರ್ ದಾಟಿಕೊಳ್ಳುತ್ತದೆ. ಸುರುಳಿಯ ಉದ್ದಕ್ಕೂ ಬಿದ್ದದ್ದನ್ನು ದಾಟಲಾರದು.

ಯಾವ ಡಿಸ್ಕೂ ಓಡದಿದ್ದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಿ. ವೈರನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತು ಕಾಲು ಗಂಟೆ ಬಿಡಿ. ಒಳಗೆ ವೈರ್ ಬಂದು ಸೇರುವ ಪವರ್ ಬೋರ್ಡನ್ನು ಮುಟ್ಟಬೇಡಿ, ಅದರ ಕೆಪಾಸಿಟರ್ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಟ್ರೇ ಕೆಳಗೆ, ಡಿಸ್ಕ್ ತಿರುಗಿಸುವ ಗುಂಡಿಯ ಪಕ್ಕದಲ್ಲಿ, ಹೆಸರುಕಾಳಿನಷ್ಟು ದುಂಡಗೆ ಹೊಳೆಯುವುದೇ ಲೆನ್ಸ್. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಇಯರ್ ಬಡ್‌ಗೆ ಒಂದು ಹನಿ ತಾಗಿಸಿ, ಭಾರ ಹಾಕದೆ ಸವರಿ. ಲೆನ್ಸ್ ನಿಂತಿರುವುದು ಕೂದಲಿನಂಥ ತಂತಿಗಳ ಮೇಲೆ, ಒತ್ತಿದರೆ ಮುಗಿಯಿತು. ನೇಲ್ ಪಾಲಿಶ್ ತೆಗೆಯುವ ದ್ರವವಂತೂ ಬೇಡವೇ ಬೇಡ, ಪ್ಲಾಸ್ಟಿಕ್ ಲೆನ್ಸ್ ಮಬ್ಬಾಗುತ್ತದೆ. ನನಗೆ ಬಡ್ಡಿನ ತುದಿಯಲ್ಲಿ ಸಿಕ್ಕಿದ್ದು ಇಟ್ಟಿಗೆ ಬಣ್ಣದ ಕೆಸರು.

ಮುಚ್ಚಳ ಹಾಕಿಯೇ ವಿದ್ಯುತ್ ಕೊಡಿ. ಉರಿಯುವ ಲೆನ್ಸಿನೊಳಗೆ ಇಣುಕುವುದು ಕಣ್ಣಿಗೆ ಅಪಾಯ. ಲೆನ್ಸ್ ಘಟಕದ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿದರೆ ಲೇಸರ್ ಜೋರಾಗುತ್ತದೆ ಎಂದು ಹೇಳುವವರಿದ್ದಾರೆ. ಜೋರಾಗುತ್ತದೆ, ಕೆಲವು ದಿನಗಳಲ್ಲಿ ಸುಟ್ಟೂ ಹೋಗುತ್ತದೆ.

ಇಷ್ಟಾದರೂ ಓದದಿದ್ದರೆ ಲೆನ್ಸ್ ಘಟಕವನ್ನೇ ಬದಲಿಸಬೇಕು, ಅದು ಮೆಕ್ಯಾನಿಕ್ ಕೆಲಸ. ಅನೇಕ ಹೊಸ ಘಟಕಗಳಲ್ಲಿ ಸ್ಥಿರ ವಿದ್ಯುತ್ತಿನಿಂದ ಕಾಪಾಡಲು ಒಂದು ಬೆಸುಗೆ ಚುಕ್ಕೆ ಇಟ್ಟಿರುತ್ತಾರೆ. ಜೋಡಿಸಿದ ಮೇಲೆ ಅದನ್ನು ಕರಗಿಸಿ ತೆಗೆಯುವುದು ಮರೆತರೆ ಹೊಸದೂ ‘ನೋ ಡಿಸ್ಕ್’ ಎನ್ನುತ್ತದೆ. ಕೇಳಿ ಖಚಿತ ಮಾಡಿಕೊಳ್ಳಿ.

ಅಕ್ಕನ ಮದುವೆಯ ಡಿಸ್ಕ್ ನಮ್ಮ ಮನೆಯಲ್ಲಿ ಈಗ ಓಡುತ್ತದೆ. ಅಕ್ಷತೆ ಬೀಳುವಲ್ಲಿ ಮಾತ್ರ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಎಂದೋ ನಾನೇ ಅಂಗಿಯ ಚುಂಗಿನಿಂದ ಸುತ್ತಿ ಒರೆಸಿದ ಗೀರು ಅದು.