ಲಾಗ್‌ಕ್ಯಾಟ್‌ನಲ್ಲಿ ದರಪಟ್ಟಿ: ಊರಿನ ಹೆಸರು ಕೊನೆಗಿರಲಿ

ದಾವಣಗೆರೆ, ಚಿತ್ರದುರ್ಗ ಸೀಮೆಯ ಮೆಕ್ಕೆಜೋಳ, ಶೇಂಗಾ ದರ ತೋರಿಸುವ ಆ್ಯಪ್ ನಮ್ಮದು. ಸರ್ವರ್‌ನಿಂದ ಬಂದದ್ದನ್ನು ಹಾಗೇ ಲಾಗ್‌ಕ್ಯಾಟ್‌ಗೆ (ಆಂಡ್ರಾಯ್ಡ್ ಆ್ಯಪ್‌ನ ಸಂದೇಶಗಳನ್ನು ಡೆವಲಪರ್‌ಗೆ ತೋರಿಸುವ ಸಾಧನ) ಲಾಗ್ ಮಾಡಿದರೆ ಬರೀ ಬ್ರಾಕೆಟ್ಟು, ಕಾಮಾಗಳ ಸಂತೆ. ಯಾವ ಊರಿನ ದರ ಕೆಟ್ಟಿದೆ ಅಂತ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ದರಗಳನ್ನು ಕಾಲಂಗಳಾಗಿ ಜೋಡಿಸಿ ತೋರಿಸುವ ಒಂದು ಪುಟ್ಟ ಫಂಕ್ಷನ್ ಅನ್ನು ಕೋಟ್ಲಿನ್ ಭಾಷೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಕೆಲಸ ಸರಳ. ಪ್ರತಿ ಕಾಲಂನ ಅತಿ ಉದ್ದದ ಮೌಲ್ಯ ನೋಡಿ, ಅದಕ್ಕೆ 2 ಸೇರಿಸಿದರೆ ಅಗಲ ಸಿಕ್ಕಿತು. ಅಕ್ಷರಕ್ಕೆ ಪ್ಯಾಡ್‌ಎಂಡ್ (ಕೊನೆಗೆ ಖಾಲಿ ಜಾಗ ತುಂಬುತ್ತದೆ), ಅಂಕಿಗೆ ಪ್ಯಾಡ್‌ಸ್ಟಾರ್ಟ್ (ಮೊದಲಿಗೆ ತುಂಬುತ್ತದೆ). ಅಂಕಿ ಬಲಕ್ಕೆ ನಿಂತರೆ 2150ರ ಕೆಳಗೆ ಬಂದ 215 ತಕ್ಷಣ ಗೊತ್ತಾಗುತ್ತದೆ. ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಇದ್ದಲ್ಲಿ ಒಂದು ಅಡ್ಡಗೆರೆ ಹಾಕಿ. ಖಾಲಿ ಬಿಟ್ಟರೆ ಅದು ನಲ್ಲೋ ಖಾಲಿ ಸ್ಟ್ರಿಂಗೋ (ಅಕ್ಷರಗಳ ಸಾಲು) ತಿಳಿಯದು.

ತೊಡಕು ಇರುವುದು ಕನ್ನಡದಲ್ಲಿ. ‘ಹರಿಹರ’, ‘ಚಿತ್ರದುರ್ಗ’ ಎರಡೂ ನಮ್ಮ ಎಣಿಕೆಗೆ ನಾಲ್ಕೇ ಅಕ್ಷರ. ಆದರೆ ಕೋಟ್ಲಿನ್‌ನಲ್ಲಿ ಲೆಂಗ್ತ್ (ಉದ್ದ) ಕೇಳಿದರೆ ಮೊದಲನೆಯದಕ್ಕೆ 5, ಎರಡನೆಯದಕ್ಕೆ 10 ಬರುತ್ತದೆ. ಗುಣಿತದ ಚಿಹ್ನೆ, ಒತ್ತಕ್ಷರದ ನಡುವೆ ಕೂರುವ ಹಲಂತ (್), ಒತ್ತಾಗುವ ವ್ಯಂಜನ ಎಲ್ಲಕ್ಕೂ ಬೇರೆಬೇರೆ ಲೆಕ್ಕ. 12ಕ್ಕೆ ಪ್ಯಾಡ್ ಮಾಡಿದರೆ ಹರಿಹರಕ್ಕೆ 7 ಖಾಲಿ ಜಾಗ, ಚಿತ್ರದುರ್ಗಕ್ಕೆ 2. ದರದ ಕಾಲಂ ಅಂಕುಡೊಂಕು. ಅಕ್ಷರಗಳನ್ನೇ ಎಣಿಸಿ ನೋಡಿದರೂ ಸಾಲು ಕೂಡಲಿಲ್ಲ. ಕನ್ನಡದ ಅಕ್ಷರಗಳು ಬೇರೆ ಫಾಂಟ್‌ನಿಂದ ಬರುತ್ತವೆ, ಅವುಗಳ ಅಗಲ ಒಂದೇ ಸಮ ಇರುವುದಿಲ್ಲ. ಆ ಗೊಡವೆಯೇ ಬೇಡ ಅಂತ ಊರಿನ ಹೆಸರನ್ನು ಕೊನೆಯ ಕಾಲಂಗೆ ತಳ್ಳಿದೆ. ಕೊನೆಯದಕ್ಕೆ ಪ್ಯಾಡ್ ಬೇಕಿಲ್ಲವಲ್ಲ! ಮೊದಲಿಗೆ ಮಾರುಕಟ್ಟೆಯ ಐಡಿ, ಆಮೇಲೆ ಕನಿಷ್ಠ, ಗರಿಷ್ಠ, ಕೊನೆಗೆ ಹೆಸರು.

ಇನ್ನೊಂದು ಮಾತು. ಇಡೀ ಪಟ್ಟಿಯನ್ನು ಒಂದೇ ಲಾಗ್‌ನಲ್ಲಿ ಸುರಿಯಬೇಡಿ. ಲಾಗ್‌ಕ್ಯಾಟ್‌ನ ಒಂದು ಸಂದೇಶಕ್ಕೆ ಸುಮಾರು 4,000 ಬೈಟ್‌ಗಳ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಹಾಗಾಗಿ ಪಟ್ಟಿ ಬೇಗ ತುಂಬಿ, ಉಳಿದದ್ದು ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ಸಾಲಿಗೊಂದು ಲಾಗ್ ಕರೆ ಹಾಕಿದರೆ ಆ ತೊಂದರೆಯೂ ಇಲ್ಲ, ಸಮಯ, ಟ್ಯಾಗ್‌ಗಳ ಹಿಂದೆ ಬಂದು ಮೊದಲ ಸಾಲಷ್ಟೇ ಮುಂದಕ್ಕೆ ಸರಿಯುವುದೂ ಇಲ್ಲ.

ಅದೇ ದರಗಳ ವೆಬ್ ಪುಟಕ್ಕೆ ಇಷ್ಟು ಒದ್ದಾಟ ಬೇಕಿಲ್ಲ. ಕ್ರೋಮ್‌ನ ಕನ್ಸೋಲ್‌ನಲ್ಲಿ ದತ್ತಾಂಶವನ್ನು ಕೋಷ್ಟಕವಾಗಿ ತೋರಿಸುವ ಕನ್ಸೋಲ್.ಟೇಬಲ್ ಸಾಕು, ಎರಡನೇ ಆರ್ಗ್ಯುಮೆಂಟ್‌ಗೆ ಬೇಕಾದ ಕಾಲಂಗಳ ಹೆಸರಷ್ಟೇ ಕೊಡಿ. ತಲೆಬರಹ ಒತ್ತಿದರೆ ವಿಂಗಡಣೆಯೂ ಆಗುತ್ತದೆ. ದರದ ಸುತ್ತ ಉದ್ಧರಣ ಚಿಹ್ನೆ ಕಂಡರೆ ಅದು ಅಂಕಿಯಲ್ಲ, ಸ್ಟ್ರಿಂಗ್. ಸ್ಟ್ರಿಂಗ್‌ಗಳನ್ನು ಮೊದಲ ಅಕ್ಷರದಿಂದ ಹೋಲಿಸುತ್ತದೆ, 9ಕ್ಕಿಂತ 2 ಮೊದಲು. ಏರಿಕೆ ಕ್ರಮದಲ್ಲಿ 985ಕ್ಕಿಂತ ಮೊದಲು 2150 ಬಂದು ಕೂರುತ್ತಿದ್ದುದು ಇದರಿಂದಲೇ.