ಕುಲಾಂತರಿ ಯಾವುದೆಂದು ಸಂತೆಯಲ್ಲಿ ಕೇಳಿದಾಗ

ಮೊದಲ ಪ್ರಶ್ನೆಯನ್ನು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕುಳಿತು ಐದೇ ನಿಮಿಷದಲ್ಲಿ ಬರೆದಿದ್ದೆ. ‘ಕುಲಾಂತರಿ ಆಹಾರ ನಿಮಗೆ ಒಪ್ಪಿಗೆಯೇ? ಹೌದು / ಇಲ್ಲ.’ ಬೇರೆ ಜೀವಿಯ ಜೀನು ಸೇರಿಸಿದ ಬೆಳೆಗೆ ಕನ್ನಡದಲ್ಲಿ ಕುಲಾಂತರಿ ಎನ್ನುತ್ತಾರೆ. ದಸರಾ ರಜೆಯಲ್ಲಿ ಒಂಬತ್ತನೇ ತರಗತಿಯ ಆರು ಮಕ್ಕಳು ಆ ಕಾಗದ ಹಿಡಿದು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸುತ್ತಿದರು. ವಿಜ್ಞಾನ ಮೇಳಕ್ಕೆ ಒಂದು ಸಮೀಕ್ಷೆ ಆಗಬೇಕಿತ್ತು, ಅಷ್ಟೇ.

ಸಂಜೆ ಹಾಳೆಗಳನ್ನು ಎಣಿಸಲು ಕುಳಿತಾಗ ಮಕ್ಕಳು ನಿಜ ಬಾಯಿಬಿಟ್ಟರು. ಅರ್ಧದಷ್ಟು ಜನ “ನಿಮ್ಮ ಟೀಚರಿಗೆ ಯಾವುದು ಬೇಕು?” ಎಂದು ಕೇಳಿಕೊಂಡು ಗೆರೆ ಎಳೆದಿದ್ದರು. ಒಬ್ಬ ಹಿರಿಯರು ಹಾಳೆ ಮುಟ್ಟಲೇ ಇಲ್ಲವಂತೆ. “ಕುಲ ಗೊತ್ತಿಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ, ಇನ್ನು ಕುಲ ಕೆಟ್ಟ ತರಕಾರಿ ತಿನ್ನುವುದೇ?” ಎಂದರಂತೆ. ನಕ್ಕುಬಿಟ್ಟೆ, ಆಮೇಲೆ ಹೊಳೆಯಿತು: ಅವರು ಉತ್ತರಿಸಿದ್ದು ತರಕಾರಿಗಲ್ಲ, ಪದಕ್ಕೆ. ಒಕ್ಕ, ಮನೆತನ ಎಂದು ಹೆಸರಿನ ಹಿಂದೆಯೇ ಹೊತ್ತುಕೊಂಡು ತಿರುಗುವ ನಮ್ಮ ಊರಿನಲ್ಲಿ ‘ಕುಲಾಂತರಿ’ ಎಂದ ಕೂಡಲೇ ತೀರ್ಪು ಮುಗಿದಿರುತ್ತದೆ. ಆ ಹಾಳೆಗಳನ್ನೆಲ್ಲ ಒಲೆಗೆ ಹಾಕಿದೆ.

ಮುಂದಿನ ಶುಕ್ರವಾರ ಪ್ರಶ್ನೆಪತ್ರಿಕೆಯ ಬದಲು ಬುಟ್ಟಿ ಒಯ್ದೆವು. ಅದರಲ್ಲಿ ಗಟ್ಟಿ ಸಿಪ್ಪೆಯ ಟೊಮೆಟೊ, ಬೀಜವಿಲ್ಲದ ದ್ರಾಕ್ಷಿ, ತೈವಾನ್ ಪಪ್ಪಾಯಿ, ಸ್ವೀಟ್ ಕಾರ್ನ್, ಬದನೆಕಾಯಿ, ಮೂಲೆಯಲ್ಲಿ ಪೊಟ್ಟಣ ಕಟ್ಟಿದ ಒಂದು ಹಿಡಿ ಹತ್ತಿ ಹಿಂಡಿ. “ಇದರಲ್ಲಿ ಪ್ರಯೋಗಾಲಯದಲ್ಲಿ ಬೇರೆ ಜೀವಿಯ ಗುಣ ಸೇರಿಸಿದ ಬೆಳೆ ಯಾವುದು, ಕೈ ಇಟ್ಟು ತೋರಿಸಿ.” ಅಷ್ಟೇ ಪ್ರಶ್ನೆ.

ಜನ ಮುತ್ತಿಕೊಂಡರು. ಎಲ್ಲರ ಬೆರಳೂ ಮೊದಲು ಹೋದದ್ದು ಟೊಮೆಟೊಗೆ. “ಹದಿನೈದು ದಿನ ಇಟ್ಟರೂ ಕೊಳೆಯುವುದಿಲ್ಲ, ಇದೇ.” ಆಮೇಲೆ ದ್ರಾಕ್ಷಿ, ಆಮೇಲೆ ಪಪ್ಪಾಯಿ. ಬುಟ್ಟಿಯಲ್ಲಿಲ್ಲದ ಬ್ರಾಯ್ಲರ್ ಕೋಳಿಯನ್ನೂ ಕೆಲವರು ಬಿಡಲಿಲ್ಲ. ಹಿಂಡಿಯ ಕಡೆ ಒಬ್ಬರೂ ನೋಡಲಿಲ್ಲ.

ಟೊಮೆಟೊ, ಪಪ್ಪಾಯಿ ಎರಡೂ ಹೈಬ್ರಿಡ್, ತಳಿಗೆ ತಳಿ ಕೂಡಿಸಿದ್ದು. ಬೀಜವಿಲ್ಲದ ದ್ರಾಕ್ಷಿ ತಾನಾಗಿ ಹುಟ್ಟಿದ ಬದಲಾವಣೆ, ಕಡ್ಡಿ ನೆಟ್ಟು ಬೆಳೆಸುತ್ತಾರೆ, ನಾವು ಕಾಳುಮೆಣಸಿನ ಬಳ್ಳಿ ಕತ್ತರಿಸಿ ನೆಡುವ ಹಾಗೆ. ಒಬ್ಬ ತೋಟದ ಮಾಲೀಕರು “ಹಾಗಾದರೆ ನನ್ನ ಸಿಎಕ್ಸ್‌ಆರ್ ಕಾಫಿ?” ಎಂದರು. ಅದೂ ಕಾಂಜೆನ್ಸಿಸ್ ಮತ್ತು ರೊಬಸ್ಟಾ ಎಂಬ ಎರಡು ಜಾತಿಗಳ ಮದುವೆಯೇ, ಕುಲಾಂತರಿಯಲ್ಲ ಎಂದೆ. ಜಾತಿ ಮೀರಿದ ಮದುವೆ ನಿಮ್ಮ ತೋಟದಲ್ಲೇ ಆಗಿದೆ ಎಂದು ಸೇರಿಸಬೇಕೆನಿಸಿತು, ಸೇರಿಸಲಿಲ್ಲ.

ಹಿಂಡಿಯ ಪೊಟ್ಟಣ ಬಿಚ್ಚಿದಾಗ ಎದುರಿಗಿದ್ದ ಅಕ್ಕನ ಮುಖ ಬದಲಾಯಿತು. ಅವರ ಬಳಿ ಎರಡು ಹಸುಗಳಿವೆ, ಅಂದೇ ಒಂದು ಚೀಲ ಹಿಂಡಿ ಕೊಂಡಿದ್ದರು. ನಮ್ಮ ದೇಶದಲ್ಲಿ ಮಾರಾಟಕ್ಕಾಗಿ ಬೆಳೆಯಲು ರೈತರಿಗೆ ಒಪ್ಪಿಗೆ ಸಿಕ್ಕಿರುವ ಕುಲಾಂತರಿ ಬೆಳೆ ಬಿ.ಟಿ. ಹತ್ತಿ ಒಂದೇ, 2002ರಿಂದ. ಈಗ ಹತ್ತಿಯ ಹೊಲಗಳಲ್ಲಿ ಬಹುಪಾಲು ಅದೇ. ಬೀಜ ಹಿಂಡಿದರೆ ಎಣ್ಣೆ, ಉಳಿದದ್ದು ಹಿಂಡಿ. “ಅಂದರೆ ಹಾಲಿನಲ್ಲೂ ಇದೆಯೇ?” ಎಂದರು.

ಇಂಥ ಪ್ರಶ್ನೆಗೆ ಪಠ್ಯಪುಸ್ತಕದ ಭಾಷೆ ನಿಲ್ಲುವುದಿಲ್ಲ. ಕಾಯಿಕೊರಕಕ್ಕೆ ಕಾಫಿ ತೋಟದಲ್ಲಿ ಬವೇರಿಯಾ ಶಿಲೀಂಧ್ರ ಸಿಂಪಡಿಸುವುದು ಅವರಿಗೆ ಗೊತ್ತಿತ್ತು. ಅಲ್ಲಿಂದ ಹಿಡಿದೆ. ಬಿ.ಟಿ. ಎಂಬುದು ಮಣ್ಣಿನ ಒಂದು ಬ್ಯಾಕ್ಟೀರಿಯಾ, ಅದನ್ನೂ ಸಾವಯವ ಕೃಷಿಕರು ಹುಳಕ್ಕೆ ಸಿಂಪಡಿಸುತ್ತಾರೆ. ಅದರ ಪ್ರೊಟೀನು ಮರಿಹುಳುವಿನ ಕ್ಷಾರದ ಕರುಳಿನಲ್ಲಿ ಕರಗಿ, ಅಲ್ಲಿನ ಗ್ರಾಹಕಗಳಿಗೆ ಅಂಟಿ ಕರುಳನ್ನು ತೂತು ಮಾಡುತ್ತದೆ. ಹಸುವಿನ ಕರುಳಿನಲ್ಲಾಗಲಿ ನಮ್ಮದರಲ್ಲಾಗಲಿ ಅಂಥ ಗ್ರಾಹಕಗಳಿಲ್ಲ, ಬೇರೆ ಪ್ರೊಟೀನಿನಂತೆ ಜೀರ್ಣವಾಗಿ ಹೋಗುತ್ತದೆ. ಹತ್ತಿಯಲ್ಲಿ ಆ ಪ್ರೊಟೀನು ಮಾಡುವ ಜೀನನ್ನು ಗಿಡದೊಳಗೇ ಇಟ್ಟಿದ್ದಾರೆ. ಅಕ್ಕ ಕೇಳಿಸಿಕೊಂಡರು, ತಲೆಯಾಡಿಸಲಿಲ್ಲ.

ಇಷ್ಟು ಹೇಳಿ ಎದ್ದಿದ್ದರೆ ನಾನು ಬೀಜದ ಕಂಪನಿಯ ಏಜೆಂಟಳ ಹಾಗೆ ಕಾಣುತ್ತಿದ್ದೆ. ಗುಲಾಬಿ ಕಾಯಿಕೊರಕ ಎಂಬ ಹುಳು ಈ ಹತ್ತಿಗೇ ಒಗ್ಗಿಕೊಂಡಿದೆ, ರೈತರು ಮತ್ತೆ ಕೀಟನಾಶಕ ಹೊಡೆಯುತ್ತಿದ್ದಾರೆ, ಬೀಜ ವರ್ಷವರ್ಷ ಕೊಳ್ಳಬೇಕು. ಇದನ್ನೂ ಹೇಳಿದೆ. ತರಕಾರಿ ಮಾರುವವರೊಬ್ಬರಿಗೆ ಬಿ.ಟಿ. ಬದನೆಯ ಗಲಾಟೆ ನೆನಪಿತ್ತು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿತು, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಮಾತು ಕೇಳಿ 2010ರ ಫೆಬ್ರವರಿ 9ರಂದು ತಡೆದರು. ಪಕ್ಕದ ಬಾಂಗ್ಲಾದೇಶದ ರೈತರು 2014ರಿಂದ ಅದನ್ನು ಬೆಳೆಯುತ್ತಿದ್ದಾರೆ. ನಿಮ್ಮ ಅಭಿಪ್ರಾಯವೇನು ಎಂದು ನನ್ನನ್ನೇ ಕೇಳಿದರು. ತಿನ್ನಲು ನನಗೆ ಹೆದರಿಕೆಯಿಲ್ಲ, ಆದರೆ ಏನು ತಿನ್ನುತ್ತಿದ್ದೇನೆಂದು ಪೊಟ್ಟಣದ ಮೇಲೆ ಬರೆದಿರಬೇಕು ಎಂದೆ.

ಆ ಮಾತು ಮಕ್ಕಳಿಗೆ ಹಿಡಿಸಿತು. ಕುಲಾಂತರಿ ಅಂಶವಿರುವ ಆಹಾರದ ಪೊಟ್ಟಣದ ಮೇಲೆ ‘ಜಿಎಂ’ ಎಂದು ಮುದ್ರಿಸಬೇಕೆಂಬ ನಿಯಮ 2013ರ ಜನವರಿ 1ರಿಂದಲೇ ಇದೆ. ಅವರು ಅಂಗಡಿಗಳಿಗೆ ನುಗ್ಗಿ ಮಿಕ್ಸ್ಚರ್, ಚಿಪ್ಸ್ ಪೊಟ್ಟಣಗಳನ್ನೆಲ್ಲ ತಿರುವಿ ಹಾಕಿದರು. ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ‘ಹತ್ತಿಬೀಜದ ಎಣ್ಣೆ’ ಎಂಬುದು ಒಂದೆರಡು ಕಡೆ ಸಿಕ್ಕಿತು, ‘ಜಿಎಂ’ ಎಂಬುದು ಎಲ್ಲೂ ಇರಲಿಲ್ಲ. ಶುದ್ಧೀಕರಿಸಿದ ಎಣ್ಣೆಯಲ್ಲಿ ಜೀನು, ಪ್ರೊಟೀನು ಉಳಿಯುವುದೇ ಕಷ್ಟ ಎಂದು ನಾನು ವಿವರಿಸಿದೆ. “ಆದರೂ ಬರೆಯಬಹುದಲ್ಲ ಟೀಚರ್?” ಎಂದಳು ಒಬ್ಬಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹಿಂಡಿಯ ಅಕ್ಕ ಮೂರನೇ ಶುಕ್ರವಾರವೂ ಸಿಕ್ಕರು. ಜೀಪಿನಲ್ಲಿ ಹಿಂಡಿಯ ಚೀಲ ಎಂದಿನಂತೆ ಇತ್ತು. ಬದನೆಕಾಯಿಯ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದೊಂದನ್ನೂ ತಿರುಗಿಸಿ ನೋಡಿ, ತೂತಿದ್ದವನ್ನೇ ಆರಿಸಿ ಚೀಲಕ್ಕೆ ಹಾಕುತ್ತಿದ್ದರು.

“ಹುಳು ತಿಂದದ್ದು ಯಾಕೆ ಅಕ್ಕ?”

“ಅದು ತಿಂದು ಬದುಕಿದೆ ತಾನೇ ಟೀಚರ್.”